ಮಂಗಳೂರಿನಿಂದ ಸಲಾಲಾಕ್ಕೆ ಒಂದೇ ಟಿಕೆಟ್

ಸಲಾಲಾ, ಒಮಾನ್
29 ಸೆಪ್ಟೆಂಬರ್ 2024

ಅಮ್ಮಾ,

ಈ ಕಾಗದವನ್ನು ನಿಂತುಕೊಂಡು ಓದಬೇಡ. ಮೀನಿನ ಬುಟ್ಟಿ ಇಳಿಸಿ, ಕೈ ತೊಳೆದು, ಜಗಲಿಯ ಮೇಲೆ ಕೂತು ಓದು. ಕೂತೆಯಾ?

ನಾನು ಮತ್ತೆ ಬಸುರಿ. ಮೂರು ತಿಂಗಳು ದಾಟಿತು. ಎಲ್ಲ ಸರಿಯಾಗಿದೆ ಎಂದಿದ್ದಾಳೆ ಡಾಕ್ಟರ್. ಮಾರ್ಚ್ ನಡುವಿಗೆ ಹೆರಿಗೆಯಂತೆ. ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದು ಬೈಯಬೇಡ. ನಮ್ಮ ಮನೆಯ ಫೋನ್ ಎಂದರೆ ಊರಿನ ಮೈಕು. ನೀನು ಹಲೋ ಅನ್ನುವ ಮೊದಲೇ ಬೇಲಿಯಾಚೆಯ ಕಮಲಿ ಅಕ್ಕ ಉತ್ತರ ಕೊಡುತ್ತಾಳೆ. ನೀನು ಮೀನು ಕೊಡುವ ಜುಬೇದಾಬಿಯ ಮಗ ವ್ಯಾಪಾರಕ್ಕೆಂದು ತಿಂಗಳಿಗೊಮ್ಮೆ ಓಡಾಡುತ್ತಾನಲ್ಲ, ಈಗ ಭಟ್ಕಳಕ್ಕೆ ಹೊರಟಿದ್ದ, ಅವನ ಕೈಯಲ್ಲಿ ಖರ್ಜೂರದ ಪೊಟ್ಟಣದ ಜೊತೆ ಇದನ್ನೂ ಇಟ್ಟೆ. ಅವನು ವಾಪಸು ಬರುವಾಗ ನೀನು ಹೇಗೂ ಒಣ ಶೆಟ್ಲಿ ಮೀನು ಕಳಿಸುತ್ತೀಯ. ಆಗ ನೀನೂ ಬರೆ. ಎಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಶಾಲೆಗೇ ಮೊದಲು ಬಂದವಳು ಎಂದು ಜಂಬ ಕೊಚ್ಚುತ್ತೀಯಲ್ಲ, ನೋಡೋಣ.

ಎರಡನೇ ಸುದ್ದಿಗೆ ನನಗೆ ಕೂತಲ್ಲಿ ಕೂರಲಿಕ್ಕಾಗುತ್ತಿಲ್ಲ. ನಾನು ಕೆಲಸ ಮಾಡುವ ಕಂಪನಿಯ ವಿಮಾನ ಇಲ್ಲಿಂದ ಮುಂಬೈವರೆಗೆ ಮಾತ್ರ ಬರುತ್ತದೆ. ಹೊರದೇಶದ ವಿಮಾನ ಇಂಡಿಯಾದ ಒಳಗೆ ಊರಿಂದೂರಿಗೆ ಜನರನ್ನು ಒಯ್ಯುವಂತಿಲ್ಲ, ಅದು ಕಾನೂನು. ಈಗ ಮಂಗಳೂರು-ಮುಂಬೈ ನಡುವೆ ಹಾರುವ ಒಂದು ಇಂಡಿಯಾ ಕಂಪನಿಯ ಜೊತೆ ಮಾತುಕತೆ ಶುರುವಾಗಿದೆ. ವಿಮಾನ ಅವರದು, ಟಿಕೆಟ್ ನಮ್ಮದು. ಕೋಡ್ ಶೇರ್ ಎನ್ನುತ್ತಾರೆ. ಮಂಗಳೂರಿನಿಂದ ಸಲಾಲಾಕ್ಕೆ ಒಂದೇ ಟಿಕೆಟ್ ಅಮ್ಮಾ! ಚೀಲ ಅಲ್ಲಿ ಕೊಟ್ಟರೆ ಇಲ್ಲಿ ಸಿಗುತ್ತದೆ. ಆದರೆ ಎರಡೂ ದೇಶದ ಸರಕಾರ ಒಪ್ಪಬೇಕು. ಒಪ್ಪಿಸುವ ಕಾಗದಪತ್ರವೆಲ್ಲ ಮಾಡಬೇಕಾದವಳು ಯಾರು ಗೊತ್ತೇ? ನಾನು!

ನಿನ್ನ ಅಳಿಯ ಯೋಗೇಶ ಈಗಲೂ ಎಣ್ಣೆ ಬಾವಿಯ ಕೆಲಸದಲ್ಲೇ ಇದ್ದಾರೆ. ಒಮ್ಮೆ ಮರುಭೂಮಿಗೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ನೀನು ಬರಬೇಕು. ಹಿಂದಿನ ಮಾತು ನಾನು ಎತ್ತುವುದಿಲ್ಲ, ನೀನೂ ಎತ್ತಬೇಡ.

ನಿನ್ನ
ಅರ್ಚನಾ


ತೆಂಗಿನಗುಂಡಿ, ಭಟ್ಕಳ
20 ಅಕ್ಟೋಬರ್ 2024

ಮಗಳೇ ಅರ್ಚನಾ,

ಕೂತೇ ಓದಿದೆ. ಓದಿ ಎದ್ದೆ, ಮತ್ತೆ ಕೂತೆ, ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದೆ. ಹಚ್ಚಿದ್ದು ಮಟಮಟ ಮಧ್ಯಾಹ್ನ. "ಎಂತ ಆತೆ ನಿಂಗೆ?" ಎಂದರು ನಿನ್ನ ಅಪ್ಪ. ಹೇಳಿದೆ. "ಆತು" ಎಂದಷ್ಟೇ ಹೇಳಿ ದಂಡೆಯ ಕಡೆ ಹೋದರು. ಬರುವಾಗ ಕೈಯಲ್ಲಿ ಇಷ್ಟುದ್ದದ ಇಸೋಣ ಮೀನು. ಮಾರಿದ್ದರೆ ಎಷ್ಟಾಗುತ್ತಿತ್ತು! ಮನೆಯವರೇ ತಿಂದೆವು. ಅವರ ಖುಷಿ ಬಾಯಿಂದ ಬರುವುದಿಲ್ಲ, ಬಲೆಯಿಂದ ಬರುತ್ತದೆ.

ಊಟ ಮುಗಿದ ಮೇಲೆ ಹೇಳಿದರು: "ಎರಡು ಟಿಕೆಟ್ ಮೇಲೆ ನಾ ಕಳ್ಸುದಿಲ್ಲ. ಒಂದೇ ಆದ್ರೆ ಹೋಗು."

ಎತ್ತಬೇಡ ಎಂದೆಯಲ್ಲ, ಆದರೂ ಎತ್ತುತ್ತೇನೆ. ಒಂದು ಸಲ ಬರೆದುಬಿಟ್ಟರೆ ಎದೆ ಹಗುರ. ಆ ಸಲ ಮಂಗಳೂರಿನ ವಿಮಾನ ಮಳೆಗೆ ತಡವಾಗಿ, ನಾನು ಮುಂಬೈಗೆ ಇಳಿಯುವಾಗ ಎರಡನೆಯದು ಹಾರಿಹೋಗಿತ್ತು. ಮೊದಲ ವಿಮಾನದವರನ್ನು ಕೇಳಿದರೆ "ನಮ್ಮ ಟಿಕೆಟ್ ಇಲ್ಲಿಗೇ ಮುಗೀತು" ಎಂದರು. ಎರಡನೆಯದರವರನ್ನು ಕೇಳಿದರೆ "ನೀವು ಬರಲಿಲ್ಲ, ನಾವೇನು ಮಾಡೋಣ" ಎಂದರು. ಶುಂಠಿ ಲೇಹ್ಯದ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ಆ ನಿಲ್ದಾಣದ ಬೆಳಕಿನಲ್ಲಿ ಕೂತೇ ಇದ್ದೆ. ನಿನ್ನ ತಮ್ಮ ವಿನೋದ ರೈಲಿನಲ್ಲಿ ಬಂದು ಕರೆದುಕೊಂಡು ಬಂದ. ಮನೆ ಮುಟ್ಟುವಷ್ಟರಲ್ಲಿ ನಿನ್ನ ಸುದ್ದಿ ಬಂತು. ದಿನ ತುಂಬದೆ ಹುಟ್ಟಿ ಹೋದ ಕೂಸು, ನಿನ್ನ ಹತ್ತಿರ ಒಂದು ಲೋಟ ನೀರು ಕೊಡುವವರಿಲ್ಲ. ಇಷ್ಟೇ. ಇನ್ನು ಎತ್ತುವುದಿಲ್ಲ.

ನಿನ್ನ ಕೋಡ್ ಶೇರ್ ನನಗೆ ಒಂದೇ ಏಟಿಗೆ ತಿಳಿಯಿತು! ನನ್ನ ಅಪ್ಪ, ನಿನ್ನ ಬೀರಜ್ಜ, ಕುಮಟೆಯ ಅಘನಾಶಿನಿ ಊರಿನಿಂದ ತದಡಿಗೆ ಹೊಳೆ ದಾಟಿಸುವ ತಾರಿ ದೋಣಿ ಹಾಕುತ್ತಿದ್ದನಲ್ಲ. ತಾರಿಯ ಹಕ್ಕನ್ನು ಸರಕಾರ ಹರಾಜಿನಲ್ಲಿ ಒಬ್ಬನಿಗೇ ಕೊಡುತ್ತಿತ್ತು, ಬೇರೆಯವರು ಆ ಹಾದಿಯಲ್ಲಿ ಜನ ಹತ್ತಿಸುವ ಹಾಗಿಲ್ಲ. ಇಳಿತದ ಹೊತ್ತಿನಲ್ಲಿ ದೊಡ್ಡ ದೋಣಿ ಮರಳ ದಿಬ್ಬದವರೆಗೆ ಮಾತ್ರ ಹೋಗುತ್ತಿತ್ತು. ಅಲ್ಲಿಂದ ಬೇರೆಯವನ ಸಣ್ಣ ಪಾತಿ ದೋಣಿ. ಜನ ಕೊಡುವುದು ಮಾತ್ರ ಒಂದೇ ಬಾಡಿಗೆ, ನನ್ನ ಅಪ್ಪನಿಗೆ. ಹೊಳೆ ನಡುವೆ ಅಪ್ಪ ಒಬ್ಬೊಬ್ಬರ ಕೈ ಹಿಡಿದು ಪಾತಿಯವನ ಕೈಗೆ ಕೊಡುತ್ತಿದ್ದ. ಕೊಡುವ ತನಕ ಯಾರೂ ಏಳುವ ಹಾಗಿಲ್ಲ, ಎದ್ದರೆ ದೋಣಿ ಮಗುಚುತ್ತದೆ. "ಹತ್ತಿಸ್ಕಂಡವನೇ ದಡ ಮುಟ್ಸೂದು" ಎನ್ನುತ್ತಿದ್ದ. ನಿಮ್ಮ ಎರಡು ಸರಕಾರಗಳಿಗೆ ಇಷ್ಟನ್ನು ಹೇಳು, ಸಾಕು.

ಚೆನ್ನಾಗಿ ಉಣ್ಣು. ಭಾರ ಎತ್ತಬೇಡ.

ನಿನ್ನ ಅಮ್ಮ
ಮಂಜಿ


ಸಲಾಲಾ
17 ನವೆಂಬರ್ 2024

ಅಮ್ಮಾ,

ನಿನ್ನ ಕಾಗದವನ್ನು ಆಫೀಸಿಗೆ ಒಯ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಎರಡು ಸಲ ಓದಿದೆ. ಬೀರಜ್ಜನ ದೋಣಿ ಓದಿ ನಕ್ಕೆ. ಅದಕ್ಕಿಂತ ಹಿಂದಿನ ಸಾಲುಗಳನ್ನೂ ಓದಿದೆ. ಬರೆದದ್ದು ಒಳ್ಳೆಯದಾಯಿತು.

ಈಗ ಕೇಳು. ಇಂಡಿಯಾ ಕಂಪನಿ ಹೂಂ ಎಂದಿದೆ! ಇಲ್ಲಿಯ ಸರಕಾರವೂ ಒಪ್ಪಿಗೆ ಕೊಟ್ಟಿತು. ಆ ದಿನ ನಾನು ಆಫೀಸಿನ ಎಲ್ಲರಿಗೂ ರಸ್ತೆ ಬದಿಯ ಎಳನೀರು ಕುಡಿಸಿದೆ. ಈ ಊರಲ್ಲೂ ತೆಂಗು, ಬಾಳೆ ಬೆಳೆಯುತ್ತವೆ ಎಂದರೆ ನೀನು ನಂಬುವುದಿಲ್ಲವಲ್ಲ, ಬಂದು ನೋಡು. ಉಳಿದದ್ದು ದೆಹಲಿ. ತೊಡಕು ಅಲ್ಲೇ. ಯಾವ ಯಾವ ಊರಿನ ಟಿಕೆಟ್ ನಮ್ಮ ಹೆಸರಿನಲ್ಲಿ ಮಾರಬಹುದು ಎಂದು ಎರಡು ದೇಶಗಳ ಒಪ್ಪಂದದಲ್ಲಿ ಇರುತ್ತದೆ. ನಮ್ಮ ಕಂಪನಿಗೆ ಒಪ್ಪಿದ ಊರುಗಳಲ್ಲಿ ಮಂಗಳೂರು ಇಲ್ಲ. ಹೊಸದಾಗಿ ಕೇಳಬೇಕು. ನಮ್ಮ ಮೇಲಧಿಕಾರಿ, "ದೊಡ್ಡ ಊರುಗಳಿಗೆ ಮಾತ್ರ ಕೇಳಿ ಮುಗಿಸೋಣ, ಮಂಗಳೂರು ಒಂದು ವರ್ಷ ಬಿಟ್ಟು ನೋಡೋಣ" ಎಂದರು.

ಒಂದು ವರ್ಷ! ನನ್ನ ಹೊಟ್ಟೆ ಒಂದು ವರ್ಷ ಕಾಯುತ್ತದೆಯೇ? ನಾನು ವಾದ ಮಾಡಿದೆ. ಭಟ್ಕಳ, ಹೊನ್ನಾವರ, ಕುಮಟೆಯಿಂದ ಎಷ್ಟು ಜನ ಈ ದಾರಿಯಲ್ಲಿ ಓಡಾಡುತ್ತಾರೆ ಎಂದು ಹೇಳಿದೆ. ಅವರು ಗಡ್ಡ ಕೆರೆದುಕೊಂಡು, ಯೋಚಿಸುತ್ತೇನೆ ಎಂದರು. ಅವರು ಯೋಚಿಸುವವರೇ ಹೊರತು ಕೆಟ್ಟವರಲ್ಲ.

ಒಪ್ಪಿಗೆ ಬರುವ ತನಕ ಇದು ಹೊರಗೆ ಹೋಗುವ ಹಾಗಿಲ್ಲ. ಒಂದು ಟಿಕೆಟನ್ನೂ ಮಾರುವ ಹಾಗಿಲ್ಲ. ಯಾರಿಗೂ ಹೇಳಬೇಡ ಅಮ್ಮಾ. ಮುಖ್ಯವಾಗಿ ಕಮಲಿ ಅಕ್ಕನಿಗೆ. ನಿನ್ನಾಣೆ.

ಮಗು ಒದೆಯಲು ಶುರುಮಾಡಿದೆ. ಈ ಸುದ್ದಿ ಅಪ್ಪನಿಗೆ.

ಅರ್ಚನಾ


ತೆಂಗಿನಗುಂಡಿ
12 ಡಿಸೆಂಬರ್ 2024

ಮಗಳೇ,

ಒದೆಯುವ ಸುದ್ದಿಯನ್ನು ನಿನ್ನ ಅಪ್ಪನಿಗೆ ಹೇಳಿದೆ. ಬಲೆ ಸರಿಮಾಡುತ್ತಿದ್ದವರು ಸೂಜಿ ನಿಲ್ಲಿಸಿ, "ಹೌದನೆ?" ಎಂದರು. ಆಮೇಲೆ ನೋಡಿದರೆ ಹೊಲಿದದ್ದೆಲ್ಲ ತಪ್ಪಾಗಿತ್ತು, ವಿನೋದ ಬಿಚ್ಚಿ ಮತ್ತೆ ಹೊಲಿದ.

ಕಮಲಿಗೆ ನಾನು ಹೇಳಲಿಲ್ಲ. ಜುಬೇದಾಬಿಗೆ ಹೇಳಿದೆ. ಅವಳೇನು ಹೊರಗಿನವಳೇ? ನಾನು ಮೀನು ಕೊಡಲು ಹೋದಾಗ ಮೊದಲು ಕೇಳುವುದು ನಿನ್ನನ್ನು, ಆಮೇಲೆ ಬಂಗಡೆಯನ್ನು. ಅವಳು ತನ್ನ ಸೊಸೆಗೆ ಹೇಳಿದಳು. ಸೊಸೆಯ ತವರು ದೊಡ್ಡದು. ಮರುದಿನ ನಾನು ಮೀನು ಪೇಟೆಯಲ್ಲಿ ಬುಟ್ಟಿ ಇಳಿಸುವುದರೊಳಗೆ ಸುದ್ದಿ ನನಗಿಂತ ಮುಂಚೆ ಬಂದು ಕೂತಿತ್ತು. "ಮಂಜಿ, ನಿನ್ ಮಗ್ಳು ಇಮಾನ ತರ್ಸ್ತದಂತೆ? ನನ್ ಮಗಂಗೊಂದು ಸೀಟ್ ಇಡೂಕೆ ಹೇಳೆ" ಎನ್ನುವವರು, "ಮೀನಿನ ಪೆಟ್ಟಿಗೆ ಹಾಕೂಕೆ ಬಿಡ್ತ್ರಾ?" ಎನ್ನುವವರು. ಹೊನ್ನಾವರದಿಂದ ಬರುವ ಬಸ್ಸಿನ ಕಂಡಕ್ಟರ್ ಕೂಡ ಕೇಳಿದ! ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ನನ್ನ ಮಗಳು ಎರಡು ಸರಕಾರಗಳನ್ನು ಎಳೆದಾಡಿಸುತ್ತಿದ್ದಾಳೆ ಎಂದರೆ ಸುಮ್ಮನೆ ಇರಲಿಕ್ಕಾಗುತ್ತದೆಯೇ? ಪೇಟೆಯ ನಡುವೆ ನಿಂತು ಕೋಡ್ ಶೇರ್ ಎಂದರೆ ಏನೆಂದು ಪಾಠವನ್ನೇ ಮಾಡಿಬಿಟ್ಟೆ.

ಮೊನ್ನೆ ಇಡಗುಂಜಿ ಗಣಪತಿಯ ಹತ್ತಿರ ಹೋಗಿ ಬಂದೆ. ವಿಘ್ನ ತೆಗೆಯುವವನು ಅವನೇ ತಾನೆ. "ದೆಹಲಿಯಲ್ಲಿ ಒಂದು ಸಹಿ ಬಾಕಿ ಅದೆ" ಎಂದು ಬಿಡಿಸಿ ಹೇಳಿದ್ದೇನೆ.

ಬೈಯುವುದಾದರೆ ಸಣ್ಣದಾಗಿ ಬೈ.

ಅಮ್ಮ


ಸಲಾಲಾ
9 ಜನವರಿ 2025

ಅಮ್ಮಾ,

ದೊಡ್ಡದಾಗಿಯೇ ಬೈಯಬೇಕೆಂದು ಪೆನ್ನು ಹಿಡಿದಿದ್ದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಎನ್ನುವುದು ನಿನ್ನಂಥವರನ್ನು ನೋಡಿಯೇ.

ಏನಾಯಿತು ಗೊತ್ತೇ? ಒಂದು ವಾರದಿಂದ ನಮ್ಮ ಆಫೀಸಿನ ಫೋನಿಗೆ ಬಿಡುವಿಲ್ಲ. "ಮಂಗಳೂರು ಟಿಕೆಟ್ ಯಾವಾಗಿಂದ?" ಸಲಾಲಾದಿಂದ, ಮಸ್ಕತ್ತಿನಿಂದ, ಭಟ್ಕಳದಿಂದ. ಒಬ್ಬರು ಉರ್ದುವಿನಲ್ಲಿ, ಒಬ್ಬರು ನವಾಯತಿಯಲ್ಲಿ, ಕುಮಟೆಯಿಂದ ಯಾರೋ ಅಚ್ಚ ಕೊಂಕಣಿಯಲ್ಲಿ. ಮೇಲಧಿಕಾರಿ ನನ್ನನ್ನು ಕರೆದರು. ಒಪ್ಪಿಗೆಯಿಲ್ಲದೆ ಮಾರಾಟಕ್ಕೆ ಹೊರಟಿದ್ದೇವೆ ಎಂದು ದೆಹಲಿಗೆ ಯಾರಾದರೂ ದೂರು ಕೊಟ್ಟರೆ ಇಡೀ ಅರ್ಜಿಯೇ ಬಿದ್ದುಹೋಗುತ್ತದೆ. ಸುದ್ದಿ ಹೊರಗೆ ಹೋದದ್ದು ಹೇಗೆ ಎಂದು ಕೇಳಿದರು. ಸುಳ್ಳು ಹೇಳಲಿಲ್ಲ. "ನನ್ನ ಅಮ್ಮ ಮೀನು ಮಾರುತ್ತಾಳೆ" ಎಂದೆ.

ಅವರು ನಗಲು ಶುರುಮಾಡಿದರು ಅಮ್ಮಾ! ಅವರ ಅಮ್ಮನೂ ಮಿರ್ಬಾತ್ ಎಂಬ ಮೀನುಗಾರರ ಊರಿನವಳಂತೆ. "ಇಷ್ಟು ಜನ ಕೇಳುವ ಊರನ್ನು ಬಿಟ್ಟು ನಾನು ಇನ್ಯಾವುದನ್ನು ಕೇಳಲಿ?" ಎಂದು ಮಂಗಳೂರನ್ನು ಅರ್ಜಿಯಲ್ಲಿ ಮೊದಲನೆಯದಾಗಿ ಬರೆಸಿದರು. ಫೋನ್ ಮಾಡಿದವರಿಗೆಲ್ಲ "ಸರಕಾರದ ಒಪ್ಪಿಗೆ ಬರಬೇಕು, ಈಗ ಟಿಕೆಟ್ ಇಲ್ಲ" ಎಂದು ಹೇಳುವ ಶಿಕ್ಷೆ ನನಗೆ. ಹೇಳಿ ಹೇಳಿ ಗಂಟಲು ಬಿದ್ದಿದೆ.

ಆದರೆ ಕೆಲಸ ಮುಗಿದಿಲ್ಲ. ಇಂಡಿಯಾದ ಇನ್ನೊಂದು ಕಂಪನಿ ಆಕ್ಷೇಪ ಎತ್ತಿದೆ. ದೆಹಲಿಯಿಂದ ಪ್ರಶ್ನೆಗಳು ಬಂದಿವೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವಂತೆ ಆಗಿದೆ. ಒಂದು ಪ್ರಶ್ನೆ ಮಾತ್ರ ಓದಿ ನನಗೆ ಮೈ ಜುಂ ಎಂದಿತು: ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಪ್ರಯಾಣಿಕರ ಹೊಣೆ ಯಾರದು? ಸರಕಾರವೇ ಕೇಳಿದೆ ಅಮ್ಮಾ! ಆ ದಿನ ನಿನಗೆ ಯಾರೂ ಉತ್ತರ ಕೊಡದ ಪ್ರಶ್ನೆ. ಉತ್ತರ ಬರೆದವಳು ನಾನು. ಟಿಕೆಟ್ ಕೊಟ್ಟ ಕಂಪನಿಯೇ ಕೊನೆಯ ತನಕ ಹೊಣೆ, ಇಳಿದಲ್ಲಿಂದ ಕರೆದೊಯ್ದು ಮುಂದಿನ ವಿಮಾನಕ್ಕೆ ಹತ್ತಿಸಬೇಕು. ಕಂಪನಿಯ ವಕೀಲರು ಈ ಮಾತನ್ನು ಸ್ವಲ್ಪ ತೆಳ್ಳಗೆ ಮಾಡು ಎಂದರು. ನಾನು ಮಾಡಲಿಲ್ಲ. ಮೇಲಧಿಕಾರಿ ಹಾಗೆಯೇ ಸಹಿ ಹಾಕಿದರು.

ಅರ್ಚನಾ


ತೆಂಗಿನಗುಂಡಿ
26 ಜನವರಿ 2025

ಮಗಳೇ,

ಇನ್ನೂ ಏನೂ ಬರಲಿಲ್ಲ ಎಂದು ನೀನು ಫೋನಿನಲ್ಲಿ ಹೇಳಿದಾಗ ಎಲ್ಲರ ಮುಂದೆ ನಗುತ್ತಾ ಮಾತಾಡಿದೆ. ನನಗೆ ಹೆದರಿಕೆಯಾಗುತ್ತಿದೆ. ಸರಕಾರಕ್ಕೆ ದಿನ ತುಂಬುವುದೇನು ಗೊತ್ತು?

ನಿನ್ನ ಅಪ್ಪನಿಗೆ ನಿನ್ನೆ ಹೇಳಿದೆ, ಒಪ್ಪಿಗೆ ಬರದಿದ್ದರೆ ಎರಡು ಟಿಕೆಟಿನ ಮೇಲೆಯೇ ಹೋಗುತ್ತೇನೆ ಎಂದು. "ಮತ್ತೆ ಅಲ್ಲೇ ಕೂತ್ರೆ?" ಎಂದು ಕೇಳಿದರು. ಅವರ ಧ್ವನಿ ನಡುಗಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಕಳಿಸುವುದಿಲ್ಲ ಎಂಬ ಹಟ ಸಿಟ್ಟಿನದಲ್ಲ ಅರ್ಚನಾ. ಅವರಿಗೆ ನನಗಿಂತ ಹೆದರಿಕೆ.

ಪಾಸ್‌ಪೋರ್ಟ್ ಒರೆಸಿ ಇಟ್ಟಿದ್ದೇನೆ. ಲೇಹ್ಯ ಕಾಸಿದ್ದೇನೆ. ಕುಲಾವಿ ಮಾತ್ರ ಹೊಲಿದಿಲ್ಲ. ಅದು ಅಲ್ಲಿಗೆ ಬಂದ ಮೇಲೆ.

ಅಮ್ಮ


ಸಲಾಲಾ
13 ಫೆಬ್ರವರಿ 2025

ಬಂತು!

ಅಮ್ಮಾ, ಬಂತು! ಫೋನಿನಲ್ಲಿ ನಾವಿಬ್ಬರೂ ಅತ್ತದ್ದು ಬಿಟ್ಟರೆ ಏನೂ ಮಾತಾಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಜುಬೇದಾಬಿಯ ಮಗ ನಾಳೆ ಹೊರಡುತ್ತಾನೆ. ಮಂಗಳೂರು, ಮುಂಬೈ, ಸಲಾಲಾ, ಒಪ್ಪಿಗೆ! ನಾನು ಬರೆದ ಮಾತಿನಲ್ಲಿ ಒಂದಕ್ಷರ ಕಡಿಮೆಯಾಗಿಲ್ಲ. ಆಫೀಸಿನಲ್ಲಿ ಕೂಗಿದ ಕೂಗಿಗೆ ಮಗು ಒಳಗೇ ಬೆಚ್ಚಿತು. ಮೊದಲ ದಿನದ ಟಿಕೆಟುಗಳಲ್ಲಿ ಒಂದು ನಿನ್ನದು, ಮೇಲಧಿಕಾರಿಯೇ ನಿಂತು ಮಾಡಿಸಿದರು.

ಹೆದರದೆ ಓದು. ಟಿಕೆಟ್ ಮೇಲೆ ನಮ್ಮ ಕಂಪನಿಯ ಹೆಸರು, ಕೆಳಗೆ ಸಣ್ಣಕ್ಷರದಲ್ಲಿ ಹಾರಿಸುವ ಕಂಪನಿಯ ಹೆಸರು. ಮಂಗಳೂರಿನ ವಿಮಾನದ ಮೈಮೇಲೆ ಆ ಎರಡನೇ ಹೆಸರೇ ಇರುತ್ತದೆ. ತಪ್ಪು ವಿಮಾನ ಎಂದು ಇಳಿದು ಓಡಬೇಡ. ಚೀಲದ ಚಿಂತೆ ಬೇಡ. ಮುಂಬೈಯಲ್ಲಿ ಯಾರನ್ನಾದರೂ ಕೇಳು, ಟಿಕೆಟ್ ತೋರಿಸು.

ಅಪ್ಪನಿಗೆ ಹೇಳು, ಒಂದೇ ಟಿಕೆಟ್.

ಅರ್ಚನಾ


ಸಲಾಲಾ
2 ಮಾರ್ಚ್ 2025

ವಿನೋದನ ಅಪ್ಪನಿಗೆ,

ನಿಮಗೆ ನಾನು ಕಾಗದ ಬರೆಯುವುದು ಇದೇ ಮೊದಲು. ಮುಟ್ಟಿದೆ ಎಂದು ಫೋನಿನಲ್ಲಿ ಹೇಳಿದೆ. ಹೇಗೆ ಮುಟ್ಟಿದೆ ಎಂದು ಹೇಳಿದರೆ ಕಮಲಿಗೂ ಕೇಳುತ್ತದೆ. ಅದಕ್ಕೆ ಬರವಣಿಗೆ.

ಮಂಗಳೂರಿನಲ್ಲಿ ನೀವು ಗಾಜಿನಾಚೆ ನಿಂತಿದ್ದಿರಿ, ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ವಾಪಸು ಬರುತ್ತಿದ್ದೆ. ಒಳಗೆ ಹೋದರೆ ವಿಮಾನ ತಡ! ಇನ್ನೂ ತಡ, ಇನ್ನೂ ತಡ. ಕೊನೆಗೆ ಹಾರಿತು. ಮೇಲಿನಿಂದ ಹೊಳೆಗಳೆಲ್ಲ ಕಂಡವು, ಯಾವುದು ನಮ್ಮದೋ ತಿಳಿಯಲಿಲ್ಲ, ಎಲ್ಲಕ್ಕೂ ಕೈ ಮುಗಿದೆ.

ಮುಂಬೈಯಲ್ಲಿ ಇಳಿದ ಕೂಡಲೇ ಜನ ದಬದಬ ಎದ್ದರು. ನಾನು ಏಳಲಿಲ್ಲ. ಒಂದೇ ಬಾಡಿಗೆಯ ದೋಣಿಯಲ್ಲಿ, ದಾಟಿಸುವವನು ಬಂದು ಕೈ ಹಿಡಿದು ಇನ್ನೊಬ್ಬನಿಗೆ ಕೊಡುವ ತನಕ ಏಳಬಾರದು ಎಂದು ನನ್ನ ಅಪ್ಪ ಹೇಳಿಕೊಟ್ಟದ್ದು. ವಿಮಾನ ಖಾಲಿಯಾಯಿತು. ಲಿಪ್‌ಸ್ಟಿಕ್ ಹಚ್ಚಿದ ಹುಡುಗಿ ಬಂದು ಹಿಂದಿಯಲ್ಲಿ ಏನೋ ಹೇಳಿದಳು. ನಾನು ಟಿಕೆಟ್ ತೋರಿಸಿ, "ನಿಮ್ಮ ಯಜಮಾನ್ರಿಗೆ ಬರೂಕೆ ಹೇಳು, ನನ್ನ ಮುಂದಿನವ್ರ ಕೈಗೆ ಕೊಡ್ಲಿ" ಎಂದು ಕನ್ನಡದಲ್ಲೇ ಹೇಳಿ ಗಟ್ಟಿಯಾಗಿ ಕೂತೆ. ಅವಳು ಇನ್ನಿಬ್ಬರನ್ನು ಕರೆತಂದಳು. ಪೈಲಟನೂ ಬಾಗಿಲಿಂದ ಇಣುಕಿದ. ಅಷ್ಟರಲ್ಲಿ ಕೆಳಗಿನಿಂದ ಒಬ್ಬ ಹುಡುಗ ಮೆಟ್ಟಿಲು ಹಾರಿಕೊಂಡು ಬಂದ. ಕೈಯಲ್ಲಿ ನನ್ನ ಹೆಸರು ಬರೆದ ಕಾಗದ. ನಮ್ಮ ಅರ್ಚನಾಳ ಕಂಪನಿಯವನು, ತ್ರ್ಯಂಬಕ ಎಂದು ಹೆಸರು, ಕಾರವಾರದ ಕಡೆಯವನು. ಹೊರಗೆ ನನಗಾಗಿ ಕಾದು ಕಾದು, ಬರಲಿಲ್ಲವೆಂದು ಒಳಗೇ ಹುಡುಕಿಕೊಂಡು ಬಂದಿದ್ದ. "ಮಾಯ್, ಹಾತ್ ದಿ" ಎಂದು ಕೊಂಕಣಿಯಲ್ಲಿ ಹೇಳಿ ಕೈ ಚಾಚಿದ. ಆಗ ಎದ್ದೆ.

ಆಮೇಲೆ ಓಟ! ಸೀರೆ ಎತ್ತಿ ಸಿಕ್ಕಿಸಿಕೊಂಡೆ. ಮಗ್ಗುಲಲ್ಲಿ ಅವನು ಯಾರ ಯಾರಿಗೋ ಕೂಗುತ್ತಾ ದಾರಿ ಬಿಡಿಸುತ್ತಿದ್ದ. ಉದ್ದ ಸಾಲಿನ ಜನರೆಲ್ಲ ಸರಿದು ನಿಂತರು. ಪಾಸ್‌ಪೋರ್ಟಿನವನು ನನ್ನ ಮುಖ ನೋಡಿ ಮುದ್ರೆ ಗುದ್ದಿದ. "ಪಾವ್ತಲೆ, ಮಾಯ್, ಪಾವ್ತಲೆ" ಎನ್ನುತ್ತಿದ್ದ ತ್ರ್ಯಂಬಕ, ಮುಟ್ಟುತ್ತೀರಿ, ಮುಟ್ಟುತ್ತೀರಿ ಎಂದು. ಬಾಗಿಲ ಹತ್ತಿರ ಇನ್ನಿಬ್ಬರು ನಿಂತಿದ್ದರು. ನನ್ನ ಒಬ್ಬಳಿಗಾಗಿ ಆ ದೊಡ್ಡ ವಿಮಾನವನ್ನು ನಿಲ್ಲಿಸಿಕೊಂಡಿದ್ದರು, ಕೇಳಿದಿರಾ? ಒಳಗಿದ್ದವಳು ಕೈ ಚಾಚಿದಳು. ತ್ರ್ಯಂಬಕ ನನ್ನ ಕೈಯನ್ನು ಅವಳ ಕೈಗೆ ಕೊಟ್ಟ. ನಾನು ಮಡಿಲಿನ ಎಲೆಯಡಿಕೆಯ ಪೊಟ್ಟಣ ಅವನ ಕಿಸೆಗೆ ತುರುಕಿದೆ. ಕೂತ ಮೇಲೆ ಬಿಕ್ಕಿ ಬಿಕ್ಕಿ ಅತ್ತೆ. ಪಕ್ಕದವರು ಯಾರಾದರೂ ತೀರಿಹೋದರೇ ಎಂದು ಕೇಳಿದರು. ಇಲ್ಲ, ಮಗಳ ಬಾಣಂತನ ಎಂದೆ.

ಅರ್ಚನಾ ಹೊಟ್ಟೆ ಹೊತ್ತು ನಿಂತಿದ್ದಳು. ಮುಖಕ್ಕೆ ಬಣ್ಣ ಬಂದಿದೆ. ನೀವು ಚಿಂತೆ ಮಾಡಬೇಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ವಿನೋದನನ್ನು ಬೈಯಬೇಡಿ.

ಇಂತಿ
ಮಂಜಿ


ಸಲಾಲಾ
19 ಮಾರ್ಚ್ 2025

ಅಪ್ಪಾ,

ಹೆಣ್ಣು ಎಂದು ಫೋನಿನಲ್ಲಿ ಹೇಳಿದಾಗ ನೀನು "ಆತು" ಎಂದು ಇಟ್ಟುಬಿಟ್ಟೆ. ಆಮೇಲೆ ಇಡೀ ದಂಡೆಗೆ ಬೆಲ್ಲ ಹಂಚಿದೆ ಎಂದು ವಿನೋದ ಹೇಳಿದ. ಅಮ್ಮನಿಗೆ ಬರೆಯಲು ಬಿಡುವಿಲ್ಲ. ಮಗುವಿಗೆ ಎಣ್ಣೆ ಹಚ್ಚುವುದು, ನೀರು ಹಾಕುವುದು, ಈ ದೇಶದ ಶುಂಠಿಗೆ ಖಾರವೇ ಇಲ್ಲ ಎಂದು ಬೈಯುವುದು, ಇದರಲ್ಲೇ ಅವಳ ದಿನ ಮುಗಿಯುತ್ತದೆ. ಯೋಗೇಶ ಮರುಭೂಮಿಯಿಂದ ಬಂದದ್ದು ಮಗು ಹುಟ್ಟಿದ ಮರುದಿನ. ಬಾಗಿಲಲ್ಲೇ ನಿಂತು ಅತ್ತರು.

ಫೋನಿನಲ್ಲಿ ಹೇಳಲಾಗದ್ದು ಒಂದು ಉಳಿದಿದೆ. ನೋವು ಶುರುವಾಗಿ ಆಸ್ಪತ್ರೆಗೆ ಹೋದೆವು. ಅಮ್ಮನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನನ್ನನ್ನು ಒಳಗೆ ಕರೆದುಕೊಂಡರು. ನರ್ಸ್ ಹೆಸರು ಕೇಳಿದಳು, ವಯಸ್ಸು ಕೇಳಿದಳು. ಆಮೇಲೆ "ನಿಮ್ಮ ಜೊತೆಗೆ ಯಾರಿದ್ದಾರೆ?" ಎಂದಳು.

ಅದೇ ಆಸ್ಪತ್ರೆ ಅಪ್ಪಾ. ಹೋದ ಸಲವೂ ಅದೇ ಪ್ರಶ್ನೆ ಕೇಳಿದ್ದರು. ಆಗ ನಾನು ಯಾರೂ ಇಲ್ಲ ಎಂದಿದ್ದೆ.

ಈ ಸಲ "ನನ್ನ ಅಮ್ಮ!" ಎಂದೆ. ಎಷ್ಟು ಜೋರಾಗಿ ಹೇಳಿದೆನೆಂದರೆ, ಮಗಳು ಕರೆದಳು ಎಂದುಕೊಂಡು ಅಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಬಂದುಬಿಟ್ಟಳು. ಯಾರೂ ಅವಳನ್ನು ಹೊರಗೆ ಕಳಿಸಲಿಲ್ಲ.

ನಿನ್ನ
ಅರ್ಚನಾ